ಟೇಪು ಇಳಿಯುವ ತನಕ ಮೌನ

ನಾವು ದೆಹಲಿಯ ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿದ್ದಾಗ ಅತ್ತೆ ಮಾವ ಊರಿನಿಂದ ಬಂದು ಒಂದು ಚಳಿಗಾಲ ನಮ್ಮೊಡನೆ ಇದ್ದರು. ಅವರನ್ನು ಹರಿದ್ವಾರಕ್ಕೆ ಕರೆದುಕೊಂಡು ಹೋಗಿದ್ದೆವು. ನನ್ನ ಗಂಡ ಆಗಷ್ಟೇ ಟೇಪು ಹಾಕುವ ಕ್ಯಾಮ್‌ಕಾರ್ಡರ್ ಕೊಂಡಿದ್ದರಿಂದ ಗಂಗೆಯನ್ನೂ ಅದರ ಪುಟ್ಟ ಪರದೆಯಲ್ಲೇ ನೋಡಿದರು. ವಾಪಸು ಬಂದ ಮೇಲೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಬೇಡದ್ದನ್ನು ಕತ್ತರಿಸಿ, ನೆಂಟರಿಗೆಲ್ಲ ಸಿಡಿ ಕಳಿಸುತ್ತೇನೆಂದು ಹಟ ಹಿಡಿದರು.

ಒಂದು ಭಾನುವಾರ ಬೆಳಗಿನಿಂದ ವೈರಿನೊಡನೆ ಗುದ್ದಾಡಿದರು. ಕಂಪ್ಯೂಟರು ಕ್ಯಾಮೆರಾದ ಗುರುತೇ ಇಲ್ಲದಂತೆ ಕೂತಿತ್ತು. ಚುಚ್ಚಿ ಕಿತ್ತು, ಕಿತ್ತು ಚುಚ್ಚಿ, ಕೊನೆಗೂ ಪರದೆಯ ಮೇಲೆ ಅತ್ತೆಯ ಮುಖ ಮೂಡಿತು.

"ಟೇಪು ಪೂರ್ತಿ ಓಡಿದ್ರೇನೇ ಒಳಗೆ ಇಳಿಯೋದು. ನಾನು ಹೋಗಿ ಖಾಲಿ ಸಿಡಿ ತರ್ತೀನಿ. ಅಲ್ಲೀವರೆಗೂ ಯಾರೂ ಗಲಾಟೆ ಮಾಡ್ಬೇಡಿ" ಎಂದು ಹೇಳಿ ಹೊರಟರು.

ಮಾವ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ನಾವು ಆಡುವ ಮಾತೂ ಟೇಪಿನ ಜೊತೆ ಕಂಪ್ಯೂಟರಿನೊಳಗೆ ಹೋಗಿಬಿಡುತ್ತದೆಂದು ತಿಳಿದರು. ನಾನೂ ನಂಬಿದೆ. ಅವರೇ ಸ್ಪೀಕರು ಆರಿಸಿದರು. ಕುಕ್ಕರ್ ಕೂಗೀತೆಂದು ಒಲೆಯನ್ನೂ ಆರಿಸಿ, ಅತ್ತೆಯನ್ನು ಬಟಾಣಿ ಸುಲಿಯಲು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಚ್ಚಿದರು. ಹೂಕೋಸು ಮಾರುತ್ತ ಕೂಗುತ್ತಿದ್ದ ಭಯ್ಯಾನಿಗೆ ಕಿಟಕಿಯಿಂದಲೇ ಕೈಮುಗಿದು ಮುಂದೆ ಕಳಿಸಿದರು. ಆಮೇಲೆ ಪರದೆಯ ಮುಂದೆ ನೆಟ್ಟಗೆ ಕೂತರು. ಶೀತವಾಗಿದ್ದರಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಆಗಲೇ ಮೇಲಿನ ಮನೆಯ ಪಂಜಾಬಿ ಆಂಟಿ ಮೊಸರಿಗೆ ಹೆಪ್ಪು ಕೇಳಲು ಬಂದರು. ಮಾವ ತುಟಿಯ ಮೇಲೆ ಬೆರಳಿಟ್ಟರು. ಆಂಟಿ ಅವರ ಒದ್ದೆ ಕಣ್ಣು ನೋಡಿದರು, ತಲೆ ತಗ್ಗಿಸಿ ಕೂತ ನನ್ನನ್ನು ನೋಡಿದರು, ಪರದೆ ನೋಡಿದರು. ಅಲ್ಲಿ ಅತ್ತೆ ಕೈಮುಗಿದು ಗಂಗೆಯಲ್ಲಿ ಮುಳುಗುತ್ತಿದ್ದರು. ಹಿಂದೆಯೇ ಒಂದು ದೀಪ ನೀರಿನಲ್ಲಿ ತೇಲಿಹೋಯಿತು. ಆಂಟಿ ದುಪಟ್ಟಾ ತಲೆಗೆ ಹೊದ್ದು, ನನ್ನ ನೆತ್ತಿ ಸವರಿ, ಸದ್ದಿಲ್ಲದೆ ಹೋದರು. ಹೆಪ್ಪು ಯಾಕೆ ಒಯ್ಯಲಿಲ್ಲ ಎಂದುಕೊಂಡೆ, ಅಷ್ಟೇ.

ಸ್ವಲ್ಪ ಹೊತ್ತಿಗೆ ಅವರು ಇನ್ನೂ ಮೂವರು ಹೆಂಗಸರೊಡನೆ ಬಂದರು. ಎಲ್ಲರದೂ ಸಾವಿನ ಮನೆಗೆ ಹೊದೆಯುವ ಬಿಳಿ ದುಪಟ್ಟಾ. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತರು. ಆಗ ನನಗೆ ಹೊಳೆಯಿತು. ಬಾಯಿ ಬಿಡುವಂತಿಲ್ಲ, ನಗು ತಡೆಯಲಾಗುತ್ತಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ. ಭುಜ ಕುಲುಕುತ್ತಿದ್ದುದನ್ನು ಕಂಡು ಆಂಟಿ ನನ್ನನ್ನು ತಬ್ಬಿಕೊಂಡು ಬಿಕ್ಕಿದರು. ಮಾವನಿಗೆ ಸಿಟ್ಟು. ಒಬ್ಬೊಬ್ಬರನ್ನೇ ದುರುಗುಟ್ಟಿ ನೋಡಿ ಬೆರಳನ್ನು ಮತ್ತೆ ತುಟಿಗಿಟ್ಟರು.

ಮುಂದಿನ ಕೋಣೆಯಲ್ಲಿ ಮೂಗು ಸೊರಗುಟ್ಟುವುದು ಕೇಳಿಸಿತೇನೋ, ಅತ್ತೆ ಬಟಾಣಿ ತಟ್ಟೆ ಹಿಡಿದು ಬಾಗಿಲು ತೆರೆದರು.

"ಅರೇ! ಮಾತಾಜೀ ತೋ ಜಿಂದಾ ಹೈಂ!" ಅತ್ತೆ ಬದುಕೇ ಇದ್ದಾರೆಂದು ಆಂಟಿ ಕಿರುಚಿದರು.

"ಶ್ಶ್!" ಎಂದರು ಮಾವ.

ಅಷ್ಟರಲ್ಲಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತರು. ಬಂದವರಿಗೂ ತಿಳಿಯಲೆಂದು ನಾನು ನಗುತ್ತಲೇ ಎಲ್ಲ ಹಿಂದಿಯಲ್ಲಿ ಹೇಳಿದೆ.

"ಅಪ್ಪಾ, ಸೌಂಡು ವೈರಲ್ಲೇ ಹೋಗುತ್ತೆ. ನೀವು ಇಲ್ಲಿ ಬ್ಯಾಂಡ್ ಬಾರಿಸಿದ್ರೂ ಏನೂ ಆಗ್ತಿರ್ಲಿಲ್ಲ. ವೈರು ಕಿತ್ತುಹೋಗುತ್ತೆ, ಮೇಜು ಅಲ್ಲಾಡಿಸ್ಬೇಡಿ ಅನ್ನೋ ಅರ್ಥದಲ್ಲಿ ನಾನಂದಿದ್ದು."

"ಹಾಗಿದ್ರೆ ಹಾಗೇ ಹೇಳ್ಬೇಕಿತ್ತು. ಆರ್ಡರ್ ಅನ್ನೋದು ಸರಿಯಾಗಿರ್ಬೇಕು" ಎಂದು ಮಾವ ಎದ್ದುಹೋಗಿ ಜೋರಾಗಿ ಮೂಗು ಸೀಟಿದರು.

ಹಿಂದಿ ಬಾರದ ಅತ್ತೆ "ಏನಂತೆ ಇವರಿಗೆಲ್ಲ?" ಎಂದು ಕೇಳಿದರು. ಬೇಜಾರಾಗಬಹುದೆಂದು ನಾನು ಅಳುಕುತ್ತಲೇ ವಿವರಿಸಿದೆ. ಅವರು ಬಟಾಣಿ ತಟ್ಟೆ ಕೆಳಗಿಟ್ಟು, ನನ್ನ ಕಿವಿಯ ಹತ್ತಿರ ಬಾಗಿದರು.

"ಯಾರೇ ಜಾಸ್ತಿ ಅತ್ತಿದ್ದು?"

ನಾನು ಆಂಟಿಯನ್ನು ತೋರಿಸಿದೆ. ಅತ್ತೆ ಎಲ್ಲರಿಗೂ ಚಹಾ ಕೊಟ್ಟರು. ಆಂಟಿಯ ತಟ್ಟೆಗೆ ಮಾತ್ರ ಎರಡು ಕೋಡುಬಳೆ ಹೆಚ್ಚು ಬಿತ್ತು.