ಮಕ್ತಲ್‌ನವಳು, ನಾನ್-ಲೋಕಲ್

ಕೋಚಿಂಗ್ ಸರ್ ರೈಲಿನ ಲೆಕ್ಕ ಹೇಳುತ್ತಾ ಹಲಗೆಯ ಕಡೆ ತಿರುಗಿ "ತೊಮ್ಮಿದಿ ಗಂಟಲು" ಎಂದರು. ನಾನು ತೊಂಬತ್ತು ಗಂಟೆ ಎಂದು ಬರೆದುಕೊಂಡೆ. ತೆಲುಗಿನಲ್ಲಿ ಗಂಟಲು ಎಂದರೆ ಗಂಟೆಗಳೇ, ಆದರೆ ತೊಮ್ಮಿದಿ ಎಂದರೆ ಒಂಬತ್ತು. ನನ್ನ ಉತ್ತರ ಕೇಳಿ ಕ್ಲಾಸು ನಕ್ಕಿತು. "ರಾಯಚೂರ್ ಮೇಡಂ ರೈಲು ಕೃಷ್ಣಾ ಬ್ರಿಜ್ ದಾಟಾಕ ನಾಕು ದಿನ ಬೇಕಂತ್ರೀ!" ಎಂದಿತು ಹಿಂದಿನ ಬೆಂಚು, ಅದೂ ಕನ್ನಡದಲ್ಲಿ.

ರಾಯಚೂರಿನಿಂದ ನಾರಾಯಣಪೇಟೆಗೆ ಬಂದದ್ದನ್ನು ವಲಸೆ ಎಂದರೆ ನೀವೂ ನಗಬಹುದು. ನಡುವೆ ಇರುವುದು ಒಂದು ನದಿ. ನಾನು ಹುಟ್ಟಿದ್ದೇ ನದಿಯ ಈ ಬದಿಯ, ತೆಲಂಗಾಣದ ಮಕ್ತಲ್‌ನಲ್ಲಿ. ಆದರೆ ಒಂದನೇ ಕ್ಲಾಸಿನಿಂದ ಡಿಗ್ರಿಯವರೆಗೆ ರಾಯಚೂರಿನ ಸೋದರತ್ತೆಯ ಮನೆಯಲ್ಲಿದ್ದು ಓದಿದೆ. ತೆಲಂಗಾಣ ಬೇರೆಯಾದ ವರ್ಷ ಅಪ್ಪ, "ನಮ್ ರಾಜ್ಯ ಬಂತು, ಇನ್ ಸೀಟು ನಮ್ಮೋರಿಗೇ" ಎಂದು ಎಂಬಿಎ ಪ್ರವೇಶ ಪರೀಕ್ಷೆಗೆ ತಯಾರಾಗಲು ನನ್ನನ್ನು ಇಲ್ಲಿನ ಬಾಡಿಗೆ ಕೋಣೆಗೆ ತಂದುಬಿಟ್ಟರು.

ಅಲ್ಲಿಯೂ ಜೋಳದ ರೊಟ್ಟಿ, ಇಲ್ಲಿಯೂ ಜೋಳದ ರೊಟ್ಟಿ. ಪಕ್ಕಕ್ಕೆ ಮಾತ್ರ ಇಲ್ಲಿ ಪಚ್ಚಿ ಪುಲುಸು, ಒಲೆಯನ್ನೇ ಕಾಣದ ಹುಣಸೆ ಸಾರು. ಮೊದಲು ನುಂಗಲಾಗಲಿಲ್ಲ, ಈಗ ಕೇಳಿ ಬಡಿಸಿಕೊಳ್ಳುತ್ತೇನೆ. ಕೋಚಿಂಗ್ ಮಾತ್ರ ಇಂದಿಗೂ ಗಂಟಲಲ್ಲಿ ಇಳಿದಿಲ್ಲ. ಮೂಲೆಯಲ್ಲಿ ಗುಟ್ಕಾದ ಕೆಂಪು, ಕಿಟಕಿ ತೆಗೆಯದ ಕೋಣೆ. "ತಿಳ್ಕೊಳ್ಳಾಕ ಹೋಗಬ್ಯಾಡ್ರಿ, ಗುರುತು ಹಾಕಾಕ ಕಲೀರಿ" ಎನ್ನುವ ಸರ್. ರಾಯಚೂರಿನ ಗ್ರಂಥಾಲಯದಲ್ಲಿ ಓದಿ ಬೆಳೆದ ನಾನು ಬಾಗಿಲ ಪಕ್ಕದ ಬೆಂಚಿಗೆ ಜರುಗಿ ಕೂರುತ್ತಿದ್ದೆ.

ಅರ್ಜಿಯಲ್ಲಿ 'ಲೋಕಲ್' ಎಂದು ಬರೆಯಬೇಕಾದರೆ ಇಲ್ಲಿ ಓದಿರಬೇಕು. ನಾನು ಓದಿಲ್ಲ. ನಾನ್-ಲೋಕಲ್ ಆದರೆ ಉಳಿಯುವುದು ಕೆಲವೇ ಸೀಟು.

"ನಮ್ ದೋಸ್ತಂದು ಸ್ಕೂಲ್ ಐತಮ್ಮಾ" ಎಂದರು ಸರ್. "ಅಲ್ಲೇ ಓದ್ಯಾಳಂತ ಬರಕೊಡ್ತಾನ."

ಅಪ್ಪ ಒಪ್ಪಿದರು. ನಾನು ಹೆಸರು, ಹುಟ್ಟಿದ ದಿನ ಬರೆದುಕೊಟ್ಟೆ. ವಾರದಲ್ಲಿ ಸರ್ಟಿಫಿಕೇಟು ಬಂತು: ಮೊದಲ ಭಾಷೆ ತೆಲುಗು. ಕೆಳಗೆ ನನ್ನ ಸಹಿಗೆ ಜಾಗ.

"ಸಹಿ ಮೊದಲ ರಫ್ ಹಾಳಿಮ್ಯಾಗ ತೆಲುಗಿನಾಗ ಬರದು ತೋರ್ಸಮ್ಮಾ" ಎಂದರು ಸರ್.

ಅವರಂತೆ ದೀರ್ಘ ಬಿಟ್ಟು 'ಲತ' ಎಂದು ಬರೆದೆ. ಎರಡು ಲಿಪಿಗಳೂ ಅಕ್ಕತಂಗಿಯರು. ಆದರೆ ನಮ್ಮ ತಲೆಕಟ್ಟು ಅಡ್ಡಗೆರೆ, ಅವರದು ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಕೈ ಅದಾಗಿಯೇ ಅಡ್ಡಗೆರೆ ಎಳೆದಿತ್ತು.

ಸರ್ ನಕ್ಕರು. "ಇದು ಕನ್ನಡ ಟೋಪಿ ಐತಲ್ಲಮ್ಮಾ! ಆಫೀಸಿನಾಗ ನೋಡಿದ್ಕೂಡ್ಲೇ ಹಿಡೀತಾರ. ಟೋಪಿ ಬದಲಿ ಮಾಡು."

ಕೋಣೆಗೆ ಬಂದು ಒಂದು ಪುಟ ತುಂಬ ನನ್ನ ಹೆಸರನ್ನೇ ತಿದ್ದಿದೆ. ಕೊನೆಯ ಸಾಲುಗಳು ಚೆನ್ನಾಗಿಯೇ ಬಂದವು. ಅವನ್ನು ನೋಡಿ ಹೇಸಿಗೆಯಾಯಿತು. ಸರ್ ಮೇಲಲ್ಲ, ಇಷ್ಟು ಬೇಗ ಪಳಗಿದ ನನ್ನ ಕೈಯ ಮೇಲೆ. ಪುಟವನ್ನೂ ಸರ್ಟಿಫಿಕೇಟನ್ನೂ ಹರಿದೆ. ಅರ್ಜಿಯಲ್ಲಿ 'ನಾನ್-ಲೋಕಲ್' ಎಂದು ತುಂಬಿ ಕಳಿಸಿಬಿಟ್ಟೆ.

ಭಾನುವಾರ ಬಂದ ಅಪ್ಪ ಅರ್ಜಿಯ ಪ್ರತಿ ಹಿಡಿದು ನಿಂತರು. "ಹುಟ್ಟಿದೂರಾಗ ಹೊರಗಿನಾಕಿ ಅಂತ ನಿನ್ ಕೈಲೇ ಬರಕೊಂಡ್ಯಾ?"

"ಹೂಂ."

ಅವರು ಊಟ ಮಾಡದೆ ಬಸ್ಸಿಗೆ ಹೋದರು.

ಯಾರಾದರೂ ಸರಿ ಎನ್ನಲಿ ಎಂದು ಅತ್ತೆಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಆಕೆ, "ಛಲೋ ಮಾಡಿದಿ. ಆ ಆಂಧ್ರದ ಮಂದಿ ಸಹವಾಸನ ಬ್ಯಾಡ, ನಮ್ಮೂರಿಗೆ ಬಂದುಬಿಡು" ಎಂದಳು.

ರಾಜ್ಯದ ಹೆಸರು ಬದಲಾದದ್ದು ಆಕೆಯ ಬಾಯಿಗೆ ಇನ್ನೂ ಗೊತ್ತಾಗಿರಲಿಲ್ಲ. ಆ ಮಂದಿಯಲ್ಲಿ ಆಕೆಯ ಒಡಹುಟ್ಟಿದ ಅಣ್ಣ, ನನ್ನ ಅಪ್ಪನೂ ಇದ್ದರು. ಅತ್ತೆ ಹುಟ್ಟಿದ್ದೂ ಮಕ್ತಲ್‌ನಲ್ಲೇ.