ಹಳೆ ಸೀಟಿನೊಳಗೆ ಬೇಯುವ ಬೇಳೆ

ಬೆಳಗಿನ ಜಾವ ಐದು ಗಂಟೆ. ತರಕಾರಿ ಮಂಡಿಯಲ್ಲಿ ವ್ಯಾಪಾರಿಗಳೆಲ್ಲ ಕ್ರೇಟುಗಳ ಮುಂದೆ ನಿಂತಿದ್ದಾರೆ. ಒಬ್ಬರು ಮಾತ್ರ ಕ್ರೇಟುಗಳ ಹಿಂದೆ, ಆರಿಸಿ ಬಿಸಾಡಿದ ಮಾಲು ಬೀಳುವ ಕಡೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ತಲೆಗೆ ಟವೆಲ್, ತೊಡೆಯ ಮೇಲೆ ಗೋಣಿಚೀಲ. ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಟೊಮೆಟೊ ಒತ್ತಿ ನೋಡುತ್ತಾರೆ. ಒಡೆದದ್ದು ಚೀಲಕ್ಕೆ, ಕೊಳೆತದ್ದು ಮತ್ತೆ ರಾಶಿಗೆ. ಎರಡರ ವ್ಯತ್ಯಾಸ ಹೆಬ್ಬೆರಳಿಗೇ ಗೊತ್ತಿರುವುದರಿಂದ ದೀಪದ ಹಂಗಿಲ್ಲ.

“ಏನಕ್ಕ, ಇವತ್ತೂ ಸೊಟ್ಟಮೂತಿಯವೇ ಬೇಕಾ?” ಮಂಡಿಯ ಯಜಮಾನ ಕೇಳುತ್ತಾನೆ.

“ನಾನೇನು ಹೆಣ್ಣು ನೋಡೋಕೆ ಬಂದಿದ್ದೀನಾ? ರೇಟು ಹೇಳು.”

“ಬಿಸಾಕಿದ್ದಕ್ಕೆ ಏನು ರೇಟು? ಹೊತ್ಕೊಂಡು ಹೋಗು.”

“ಅದೆಲ್ಲ ಬೇಡ. ಒಳ್ಳೇದರ ರೇಟಲ್ಲಿ ಕಾಲು ಭಾಗ ಹಾಕ್ಕೋ.”

ಚೌಕಾಸಿ ಇಲ್ಲಿ ತಲೆಕೆಳಗು. ಅವನು ಬಿಟ್ಟಿ ಅನ್ನುತ್ತಾನೆ, ಇವರು ಬೆಲೆ ಕಟ್ಟುತ್ತಾರೆ. ಕಾರಣ ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ: “ಬಿಟ್ಟಿ ತಗೊಂಡೋರು ಆರಿಸೋ ಹಾಗಿಲ್ಲ, ಕೊಟ್ಟಿದ್ದನ್ನ ತಗೊಂಡು ಹೋಗ್ಬೇಕು. ನಾನು ದುಡ್ಡು ಕೊಡ್ತೀನಿ. ಅದಕ್ಕೇ ಕೊಳೆತಿದ್ದನ್ನ ಅವನ ಕಣ್ಣೆದುರಿಗೇ ವಾಪಸ್ ಎಸೀತೀನಿ.”

ಆರು ಗಂಟೆಯೊಳಗೆ ನಾಲ್ಕು ಚೀಲ ತುಂಬುತ್ತವೆ. ಸೊಟ್ಟ ಕ್ಯಾರೆಟ್, ಒಡೆದ ಟೊಮೆಟೊ, ಹೊರಗಿನೆಲೆ ಹರಿದ ಎಲೆಕೋಸು, ಮೊಳಕೆ ಕಣ್ಣು ಬಿಟ್ಟ ಈರುಳ್ಳಿ. ಡಿಪೊ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಚೀಲಗಳನ್ನು ಹಿಂದಿನ ಸೀಟಿನ ಕೆಳಗೆ ದೂಡುತ್ತಾನೆ. ಮಧ್ಯಾಹ್ನ ಅವನೂ ಇದನ್ನೇ ಉಣ್ಣಬೇಕು.

ಬಸ್ ಡಿಪೊದ ಕ್ಯಾಂಟೀನ್ ನಡೆಸುವ ಈ ಹೆಂಗಸಿಗೆ ಐವತ್ತಮೂರು ವಯಸ್ಸು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಸೇರಿ ನೂರ ನಲವತ್ತು ಮಂದಿಗೆ ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ಕಾಳು, ತರಕಾರಿ. ಡಿಪೊದಲ್ಲಿ ಎಲ್ಲರೂ ಇವರನ್ನು ಕರೆಯುವುದು ಮುಚ್ಚಳದಕ್ಕ ಎಂದು. ದಿನಕ್ಕೆ ಹತ್ತು ಸಲವಾದರೂ “ಮುಚ್ಚಳ ಮುಟ್ಟಬೇಡ” ಎಂದು ಕೂಗುವವರಿಗೆ ಬೇರೆ ಹೆಸರು ಅಂಟುವುದೂ ಇಲ್ಲ.

ಆ ಮುಚ್ಚಳಗಳು ಇರುವುದು ಅಡುಗೆಮನೆಯ ಗೋಡೆಗುಂಟ ಸಾಲಾಗಿ ನಿಂತ ಆರು ಪೆಟ್ಟಿಗೆಗಳ ಮೇಲೆ. ಗುಜರಿಗೆ ಹಾಕಿದ ಬಸ್ಸುಗಳ ತಗಡು ಹೊರಗೆ, ಹರಿದ ಸೀಟುಗಳ ಸ್ಪಂಜು ಒಳಗೆ, ಅದರ ಮೇಲೆ ಹಳೆ ಕಂಬಳಿ. ಏಳು ಗಂಟೆಗೆ ಅಕ್ಕ ರಾತ್ರಿ ನೆನೆಸಿದ ಕಾಳನ್ನು ಒಲೆಯ ಮೇಲೆ ಹದಿನೈದು ನಿಮಿಷ ಕೊತಕೊತ ಕುದಿಸುತ್ತಾರೆ. ಆಮೇಲೆ ಒಲೆ ಆರಿಸಿ, ಪಾತ್ರೆಯನ್ನು ಹಾಗೇ ಎತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಹನ್ನೊಂದಕ್ಕೆ ತೆರೆದರೆ ಕಾಳು ಬೆಣ್ಣೆಯಂತೆ ಬೆಂದಿರುತ್ತದೆ. ಎರಡೂವರೆಗೆ ದೂರದ ರೂಟಿನಿಂದ ಬಂದವನಿಗೂ ಬಡಿಸುವಾಗ ಹಬೆಯಾಡುತ್ತದೆ.

ಪೆಟ್ಟಿಗೆಯ ತಗಡುಗಳಲ್ಲಿ ಕೆಲವು ಹಳೆ ರೂಟ್ ಬೋರ್ಡುಗಳು. ಹಾಗಾಗಿ ಕಾಳಿನ ಪೆಟ್ಟಿಗೆ ಹದಿನೇಳನೇ ನಂಬರ್, ಅನ್ನದ್ದು ಇಪ್ಪತ್ತೆರಡು. “ಅಕ್ಕ, ಹದಿನೇಳು ಎಷ್ಟೊತ್ತಿಗೆ ಬಿಡುತ್ತೆ?” ಎಂದು ಡ್ರೈವರ್‌ಗಳು ಕಿಟಕಿಯಲ್ಲಿ ತಲೆ ತೂರಿಸುತ್ತಾರೆ. “ನಿನ್ನ ಗಾಡಿ ಥರ ಅಲ್ಲ, ಟೈಮಿಗೆ ಬಿಡುತ್ತೆ” ಎಂದು ಒಳಗಿನಿಂದ ಉತ್ತರ ಬರುತ್ತದೆ.

ಉಳಿತಾಯದ ಕಸುಬು ಪೆಟ್ಟಿಗೆಗೆ ಮುಗಿಯುವುದಿಲ್ಲ. ಶೆಡ್ಡಿನ ತಗಡಿನ ಮೇಲೆ ಕಪ್ಪು ಬಣ್ಣ ಬಳಿದ ಎರಡು ಡ್ರಮ್ಮುಗಳಿವೆ. ಹಗಲಿಡೀ ಬಿಸಿಲಿಗೆ ಕಾದ ನೀರನ್ನು ಸಂಜೆ ಇಳಿಸಿ ಖಾಲಿ ಪೆಟ್ಟಿಗೆಯಲ್ಲಿಟ್ಟರೆ ಬೆಳಿಗ್ಗೆಗೆ ಉಗುರು ಬೆಚ್ಚಗಿರುತ್ತದೆ, ಗಂಜಿಗೆ ಎಸರಿಡಲು ಅದೇ. ಪಾತ್ರೆಯ ತಳದಲ್ಲಿ ಮಸಿ ಕಂಡರೆ ಅಕ್ಕನಿಗೆ ಮೈ ಉರಿಯುತ್ತದೆ. “ಮಸಿ ಅಂದ್ರೆ ಪಾತ್ರೆಗೆ ಸ್ವೆಟರ್ ಹಾಕಿದ ಹಾಗೆ. ಬಿಸಿ ಒಳಗೆ ಹೋಗೋದೇ ಇಲ್ಲ. ನನ್ನ ಗ್ಯಾಸ್ ಗಾಳಿ ಕಾಯಿಸೋಕಲ್ಲ.” ಹಿಂದಿನ ಗುತ್ತಿಗೆದಾರ ತಿಂಗಳಿಗೆ ಹನ್ನೊಂದು ಸಿಲಿಂಡರ್ ಖಾಲಿ ಮಾಡುತ್ತಿದ್ದ. ಇವರಿಗೆ ಐದು ಸಾಕು.

ಇದೆಲ್ಲ ಪುಸ್ತಕ ನೋಡಿ ಕಲಿತದ್ದಲ್ಲ. ಮನೆಯಲ್ಲಿ ಅತ್ತೆ ಅನ್ನದ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿ ಹಾಸಿಗೆಯ ಮೂಲೆಗೆ ತಳ್ಳುತ್ತಿದ್ದರಂತೆ. ಸೊಸೆ ಅದನ್ನು ನೂರ ನಲವತ್ತು ಜನರ ಅಳತೆಗೆ ಹಿಗ್ಗಿಸಿದರು, ಅಷ್ಟೆ. ಮೊದಲ ಸಲ ಎಡವಟ್ಟೂ ಆಯಿತು. ಕಂಬಳಿ ಹಾಸದೆ, ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಸ್ಪಂಜಿನ ಮೇಲಿಟ್ಟುಬಿಟ್ಟರು. ಸ್ಪಂಜು ಕರಗಿ ತಳಕ್ಕೆ ಮೆತ್ತಿಕೊಂಡಿತು, ಹೊಗೆ ಎದ್ದಿತು. ಅಷ್ಟೂ ಬೇಳೆ ಚರಂಡಿಗೆ. ಮೆಕ್ಯಾನಿಕ್‌ಗಳು ಆರು ತಿಂಗಳು ಅದನ್ನು ‘ಟೈರ್ ಬೇಳೆ’ ಎಂದು ಕರೆದರು. ಈಗಲೂ ಯಾರಾದರೂ ಆ ಮಾತೆತ್ತಿದರೆ ಅವರ ತಟ್ಟೆಗೆ ಕಾಳು ಒಂದು ಸೌಟು ಕಡಿಮೆ.

ಕ್ಯಾಂಟೀನಿಗೆ ಬರುವ ಮುಂಚೆ ಅಕ್ಕ ಇದೇ ಡಿಪೊದಲ್ಲಿ ಆರು ವರ್ಷ ಬಸ್ ತೊಳೆದವರು. ಬೆಳಿಗ್ಗೆ ನಾಲ್ಕಕ್ಕೆ ಪೈಪ್ ಹಿಡಿದರೆ ಮಧ್ಯಾಹ್ನದವರೆಗೆ ಒದ್ದೆ ಬಟ್ಟೆ. ಬಸ್ ತೊಳೆಯುವವರು ಗುತ್ತಿಗೆಯವರು, ಡಿಪೊದ ನೌಕರರಲ್ಲ. ಹಾಗಾಗಿ ಕ್ಯಾಂಟೀನಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಊಟವೂ ಇಲ್ಲ. ಮನೆಯಿಂದ ತಂದ ತಣ್ಣನೆಯ ಅನ್ನವನ್ನು ಬಸ್ಸಿನ ನೆರಳಲ್ಲಿ, ಚಕ್ರಕ್ಕೆ ಬೆನ್ನು ಕೊಟ್ಟು ತಿನ್ನಬೇಕು. “ಬೆರಳು ಸೆಟೆದು ಹೋಗಿರೋದು. ಕಲಸೋಕೆ ಹೋದ್ರೆ ಅನ್ನದ ಉಂಡೆ ಕಲ್ಲಿನ ಥರ. ಎದುರಿಗೆ ಕ್ಯಾಂಟೀನಿಂದ ಬಿಸಿಬಿಸಿ ವಾಸನೆ. ಆಗಲೇ ಅಂದ್ಕೊಂಡೆ, ಆ ಅಡುಗೆಮನೆ ನನ್ನ ಕೈಗೆ ಸಿಗಬೇಕು ಅಂತ.” ಕ್ಯಾಂಟೀನಿನ ಗುತ್ತಿಗೆದಾರ ಬಿಟ್ಟುಹೋದ ವರ್ಷ ಬೇರೆ ಯಾರೂ ಮುಂದೆ ಬರಲಿಲ್ಲ. ಸಿಕ್ಕಿತು.

ಕ್ಯಾಂಟೀನಿನ ಖರ್ಚಿಗೆಂದು ಡಿಪೊ ತಿಂಗಳಿಗೊಂದು ಮೊತ್ತ ಕೊಡುತ್ತದೆ, ನೂರ ನಲವತ್ತು ಮಂದಿಯ ಲೆಕ್ಕದಲ್ಲಿ. ಅಕ್ಕ ಅದರಲ್ಲಿ ನೂರ ಐವತ್ತೆರಡು ತಟ್ಟೆ ಬಡಿಸುತ್ತಾರೆ. ಆ ಹೆಚ್ಚಿನ ಹನ್ನೆರಡು ತಟ್ಟೆ ಬಸ್ ತೊಳೆಯುವ ಹನ್ನೆರಡು ಹೆಂಗಸರದು. ಮಂಡಿಯ ಹಿಂಬದಿಯ ತರಕಾರಿಯಲ್ಲಿ ಉಳಿದದ್ದು, ಮಿಕ್ಕ ಆರು ಸಿಲಿಂಡರಿನ ದುಡ್ಡು, ಎಲ್ಲ ಹೋಗುವುದು ಅಲ್ಲಿಗೆ.

ಇದನ್ನು ಧರ್ಮದ ಕೆಲಸ ಎಂದರೆ ಅಕ್ಕನಿಗೆ ಸಿಟ್ಟು ಬರುತ್ತದೆ. “ಧರ್ಮ ಏನು ಬಂತು? ಅವರು ತೊಳೆಯದ ಬಸ್ಸಲ್ಲಿ ನೀವು ಕೂರ್ತೀರಾ? ವಾಂತಿ ಬಳಿಯೋದು ಅವರು, ಬಿಸಿ ಅನ್ನ ಮಾತ್ರ ಬೇರೆಯವರಿಗಾ?”

ತೊಂದರೆ ಶುರುವಾದದ್ದು ಎರಡು ತಿಂಗಳ ಹಿಂದೆ, ಅದೂ ಗ್ಯಾಸ್ ಕಡಿಮೆ ಬಳಸಿದ್ದಕ್ಕೆ. ತಿಂಗಳಿಗೆ ಐದೇ ಸಿಲಿಂಡರ್ ಎಂಬುದನ್ನು ಕೇಂದ್ರ ಕಚೇರಿಯ ಆಡಿಟ್ ಸಾಹೇಬರು ನಂಬಲಿಲ್ಲ. ಅರೆಬೆಂದದ್ದು ಬಡಿಸುತ್ತಿರಬೇಕು, ಇಲ್ಲವೇ ಡಿಪೊದ ಕರೆಂಟು ಕದಿಯುತ್ತಿರಬೇಕು ಎಂದು ಅವರ ಅನುಮಾನ. ಜೊತೆಗೆ ತಟ್ಟೆಗಳ ಸಂಖ್ಯೆಯೂ ಪಟ್ಟಿಗೆ ತಾಳೆಯಾಗುತ್ತಿಲ್ಲ. ಅಷ್ಟರಲ್ಲಿ ಒಬ್ಬ ಹೊರಗಿನ ಗುತ್ತಿಗೆದಾರ, ಬೇರೆ ಕಡೆ ಮಾಡಿದ ಅಡುಗೆಯನ್ನು ವ್ಯಾನಿನಲ್ಲಿ ತಂದುಕೊಡುತ್ತೇನೆಂದು ಅರ್ಜಿ ಹಾಕಿದ್ದ. ಪಟ್ಟಿಯಲ್ಲಿ ಎಷ್ಟು ಹೆಸರೋ ಅಷ್ಟೇ ಪೊಟ್ಟಣ, ಒಂದೂ ಹೆಚ್ಚಿಲ್ಲ. ಅವನು ಬಂದರೆ ಅಕ್ಕನಿಗೆ ಕೆಲಸವಿಲ್ಲ, ಆ ಹನ್ನೆರಡು ಹೆಂಗಸರು ಮತ್ತೆ ಚಕ್ರದ ಪಕ್ಕಕ್ಕೆ.

ಸಾಹೇಬರು ಮೂರು ದಿನ ಸ್ಟೂಲ್ ಹಾಕಿಕೊಂಡು ಅಡುಗೆಮನೆಯಲ್ಲೇ ಕೂತರು. ಸಿಲಿಂಡರನ್ನು ಬೆಳಿಗ್ಗೆ ತೂಗಿ, ಸಂಜೆ ತೂಗಿ ಬರೆದುಕೊಂಡರು. ಮೂರನೆಯ ದಿನ ಒಂಬತ್ತೂವರೆಗೆ ಅಕ್ಕ ಹಿಂದಿನ ನಲ್ಲಿಯಲ್ಲಿ ಎಲೆಕೋಸು ತೊಳೆಯಲು ಹೋದಾಗ ಅವರಿಗೆ ಇನ್ನು ತಡೆಯಲಾಗಲಿಲ್ಲ. ಮೂರು ಪೆಟ್ಟಿಗೆ ತೆರೆದರು. ಪಾತ್ರೆಗಳನ್ನು ಎತ್ತಿ ನೆಲಕ್ಕಿಟ್ಟರು, ಅವುಗಳ ಮುಚ್ಚಳವನ್ನೂ ತೆಗೆದರು. ತೋಳು ಮಡಚಿ, ಕಂಬಳಿ ಕಿತ್ತು, ಸ್ಪಂಜಿನೊಳಗೆ ಮೊಣಕೈವರೆಗೆ ಕೈಯಿಟ್ಟು ಕರೆಂಟಿನ ಕಾಯಿಲ್ ಹುಡುಕತೊಡಗಿದರು. ಸಿಕ್ಕಿದ್ದು ಸಂದಿಗೆ ತುರುಕಿದ್ದ ಒಂದು ಮಗುವಿನ ಹಳೆ ಸ್ವೆಟರ್.

ಇಪ್ಪತ್ತು ನಿಮಿಷದ ಮೇಲೆ ಅಕ್ಕ ಒಳಗೆ ಬಂದರು.

“ಏನು ಕಳ್ಕೊಂಡ್ರಿ ಸಾರ್?”

“ಕಾಯಿಲ್ ಎಲ್ಲಮ್ಮ?”

“ಯಾವ ಕಾಯಿಲು?”

“ಬೆಂಕಿ ಇಲ್ಲದೆ ಕಾಳು ಹೇಗೆ ಬೇಯುತ್ತೆ?”

“ಮುಚ್ಚಿದ್ರೆ ಬೇಯುತ್ತೆ. ನೀವು ತೆಗೆದ್ರಿ. ಇನ್ನು ಬೇಯಲ್ಲ.”

ಕಾಳು ನೆಲದ ಮೇಲೆ ಆರಿ, ಹಲ್ಲಿಗೆ ಸಿಕ್ಕರೆ ಕಟುಮ್ ಎನ್ನುವ ಹಾಗೆ ಕೂತಿತ್ತು. ಮತ್ತೆ ಒಲೆಗೇರಿಸಿದರೆ ಮುಗಿಯಿತು, ಆದರೆ ಸಂಜೆ ತೂಕದಲ್ಲಿ ಆ ಗ್ಯಾಸೂ ಅಕ್ಕನ ತಲೆಗೇ. ಇಷ್ಟು ಗ್ಯಾಸ್ ಬೇಕೇ ಬೇಕು, ಐದರ ಲೆಕ್ಕ ಸುಳ್ಳು ಎಂದು ಬರೆಯಲು ಅಷ್ಟು ಸಾಕು. ಅಕ್ಕ ಸಾಹೇಬರ ಪುಸ್ತಕ ಎತ್ತಿ ಅವರ ಮುಂದಿಟ್ಟರು. “‘ಒಂಬತ್ತೂವರೆಗೆ ನಾನೇ ಮುಚ್ಚಳ ತೆಗೆದೆ’ ಅಂತ ನೀವು ಬರೀರಿ. ಆಮೇಲೆ ಒಲೆ ಹಚ್ಚುತ್ತೀನಿ.”

“ಅದನ್ನೆಲ್ಲ ಬರೆಯೋ ಪದ್ಧತಿ ಇಲ್ಲಮ್ಮ.”

“ಹಾಗಾದ್ರೆ ಹಚ್ಚೋ ಪದ್ಧತಿನೂ ಇಲ್ಲ.”

ಹತ್ತು ಗಂಟೆಯಾಯಿತು, ಹತ್ತೂಮುಕ್ಕಾಲಾಯಿತು. ಹನ್ನೊಂದಕ್ಕೆ ಮೊದಲ ಪಾಳಿಯವರು ತಟ್ಟೆ ಹಿಡಿದು ಕಿಟಕಿಗೆ ಬಂದರು.

“ಯಾಕಕ್ಕ, ಹದಿನೇಳು ಲೇಟಾ?”

“ಕೆಟ್ಟು ನಿಂತಿದೆ. ಕೆಡಿಸಿದೋರು ಅಲ್ಲಿ ಕೂತಿದ್ದಾರೆ, ಕೇಳು.”

ಎಲ್ಲರೂ ಸಾಹೇಬರ ಕಡೆ ತಿರುಗಿದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹಿರಿಯ ಡ್ರೈವರ್ ಒಬ್ಬ ಕಿಟಕಿಯಿಂದಲೇ ವಿಷಯ ತಿಳಿದುಕೊಂಡ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ: “ಸಾರ್, ದಾರೀಲಿ ಗಾಡಿ ಕೆಟ್ಟರೆ ಎಷ್ಟೊತ್ತಿಗೆ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು ಅಂತ ಬರೆದು ಸಹಿ ಹಾಕಬೇಕು. ಅಲ್ಲಿವರೆಗೆ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ನಿಮ್ಮ ಆಫೀಸಿನದೇ ರೂಲ್ಸು. ನಾವು ಮೂವತ್ತು ವರ್ಷದಿಂದ ಹಾಕ್ತಾ ಇದ್ದೀವಿ. ಒಂದು ದಿನ ನೀವೂ ಹಾಕಿ.”

ಸಾಲಿನಲ್ಲಿ ಯಾರೋ ತಟ್ಟೆಗೆ ಚಮಚ ಬಡಿದರು. ಸಾಹೇಬರು ಪೆನ್ನಿನ ಕ್ಯಾಪ್ ತೆಗೆದು ಒಂದು ಸಾಲು ಬರೆದು ಸಹಿ ಹಾಕಿದರು. ಅಕ್ಕ ಅದನ್ನು ಎರಡು ಸಲ ಓದಿ, ಆಮೇಲೆ ಕಡ್ಡಿ ಗೀರಿದರು. ಅವತ್ತು ಊಟ ಮುಕ್ಕಾಲು ಗಂಟೆ ತಡ, ಎರಡು ಬಸ್ಸು ಹತ್ತು ನಿಮಿಷ ತಡ.

ಹಸಿದವರನ್ನು ನಿಲ್ಲಿಸಿಕೊಂಡು ಹಟ ಹಿಡಿದದ್ದು ಸರಿಯಾ? ಅಕ್ಕ ಉತ್ತರಕ್ಕೆ ತಡವರಿಸುವುದಿಲ್ಲ. “ಸರಿಯಲ್ಲ. ಅವತ್ತು ಬೈದೋರೂ ಇದ್ದಾರೆ, ಬೈಸ್ಕೊಂಡೆ. ಆದ್ರೆ ಆ ಒಂದು ಸಾಲು ಇಲ್ಲದೆ ಹೋಗಿದ್ರೆ ಇವತ್ತು ಎಲ್ಲರೂ ವ್ಯಾನಿನ ಪೊಟ್ಟಣ ಬಿಚ್ಚುತ್ತಾ ಕೂತಿರೋರು.”

ಕಳೆದ ವಾರ ಆದೇಶ ಬಂದಿದೆ. ಗ್ಯಾಸಿನ ಬಳಕೆ ಸರಿಯಾಗಿದೆ, ಕ್ಯಾಂಟೀನ್ ಸದ್ಯಕ್ಕೆ ಇವರ ಬಳಿಯೇ ಇರಲಿ ಎನ್ನುತ್ತದೆ ಮೊದಲ ಪ್ಯಾರಾ. ಎರಡನೆಯದು ಚಿಕ್ಕದು: ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಊಟ ನೀಡತಕ್ಕದ್ದಲ್ಲ, ತಪ್ಪಿದಲ್ಲಿ ಕ್ಯಾಂಟೀನ್ ಹಿಂಪಡೆಯಲಾಗುವುದು. ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸತಕ್ಕದ್ದು.

ಅಕ್ಕ ಅಂಟಿಸಿದ್ದಾರೆ. ಮೈದಾ ಅಂಟು ಕಾಯಿಸಿ, ನಾಲ್ಕು ಮೂಲೆಗೂ ಬಳಿದು, ನೀಟಾಗಿ. ಅದರ ಕೆಳಗಿನ ಬೆಂಚಿನ ಮೇಲೆ ಇವತ್ತು ಹನ್ನೆರಡೂವರೆಗೆ ಹನ್ನೆರಡು ಹೆಂಗಸರು ಒದ್ದೆ ಸೆರಗು ಹಿಂಡಿಕೊಂಡು ಕೂತಿದ್ದಾರೆ, ತಟ್ಟೆಯಲ್ಲಿ ಹಬೆಯಾಡುವ ಅನ್ನ. ಅವರಲ್ಲಿ ಹಿರಿಯಳು ತುತ್ತು ನುಂಗಿ ಹೇಳುತ್ತಾಳೆ: “ನಿನ್ನ ಕೆಲಸ ಹೋಗುತ್ತೆ, ನಾವು ಬರಲ್ಲ ಅಂದ್ವಿ. ತೊಳೆಯೋ ಜಾಗಕ್ಕೇ ಬಂದು ನಲ್ಲಿ ನಿಲ್ಲಿಸಿಬಿಟ್ಲು. ಕೈ ಹಿಡಿದು ಎಳ್ಕೊಂಡು ಬಂದ್ಲು, ದಾರಿಯುದ್ದಕ್ಕೂ ಬೈಗುಳ ಬೇರೆ.”

ಡಿಪೊ ಮ್ಯಾನೇಜರ್ ಹನ್ನೆರಡೂವರೆಯಿಂದ ಒಂದರವರೆಗೆ ಕ್ಯಾಂಟೀನ್ ಕಡೆ ಸುಳಿಯುವುದನ್ನು ಬಿಟ್ಟಿದ್ದಾರೆ. ಆಡಿಟ್ ಸಾಹೇಬರು ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಅವರು ಕಣ್ಣು ಬೇರೆ ಕಡೆ ತಿರುಗಿಸುವವರಲ್ಲ ಎಂಬುದು ಅಕ್ಕನಿಗೆ ಗೊತ್ತು. ಬರಲಿ, ಅವರೆದುರಿಗೇ ಬಡಿಸುತ್ತೇನೆ ಎನ್ನುತ್ತಾರೆ. ಮುಚ್ಚಿಟ್ಟು ಬಡಿಸಿದರೆ ತಾನೇ ಅದು ಕಳ್ಳತನವಾಗುವುದು?

ಏನಾದರೂ ಬೇಕಾ ಎಂದು ಕೇಳಿದರೆ ಅಕ್ಕ ಸೌಟು ಕೆಳಗಿಡುತ್ತಾರೆ.

“ಸಂಬಳ ಜಾಸ್ತಿ ಬೇಡ ಅಂದ್ಲು ಅಂತ ಮಾತ್ರ ಬರೀಬೇಡಿ, ಬೇಕು. ಆದ್ರೆ ಮೊದಲು ಆ ಪಟ್ಟಿ. ಕೊನೇ ಹಾಳೆ ನಾನು ನೋಡಿದ್ದೀನಿ. ನೂರ ನಲವತ್ತನೇ ಹೆಸರಿನ ಕೆಳಗೆ ಹದಿನಾಲ್ಕು ಗೆರೆ ಖಾಲಿ ಇದೆ. ಹೊಸ ಹಾಳೆನೂ ಬೇಕಾಗಿಲ್ಲ ಅವರಿಗೆ. ಹನ್ನೆರಡು ಬರೆದ್ರೂ ಎರಡು ಉಳಿಯುತ್ತೆ.”