ಕೇಳಿಸದ ಸೀಟಿ

ಮನೆಯಲ್ಲಿ ನಾನು ಎಷ್ಟು ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಭಾನುವಾರ ಮಾತ್ರ ಒಂದು ಸೀಟಿ ಊದಿದರೆ ಹತ್ತು ಜನ ನಿಂತಲ್ಲೇ ನಿಲ್ಲುತ್ತಾರೆ. ಅಂಧೇರಿಯ ಆಫೀಸಿನಲ್ಲಿ ವಾರವಿಡೀ ತಲೆಯಾಡಿಸುವ ನಾನು ಬಾಸ್ಕೆಟ್‌ಬಾಲ್ ರೆಫರಿಯಾದದ್ದಕ್ಕೆ ಆಟದ ಪ್ರೀತಿ ಅರ್ಧ ಕಾರಣವಾದರೆ ಈ ಸುಖ ಇನ್ನರ್ಧ. ನಿಯಮಗಳನ್ನು ಲೋಕಲ್ ರೈಲಿನಲ್ಲಿ ನೇತಾಡಿಕೊಂಡೇ ಬಾಯಿಪಾಠ ಮಾಡಿದವನು ನಾನು. ಕೂದಲೆಳೆಯಷ್ಟು ತಪ್ಪನ್ನೂ ಬಿಡದ ನನಗೆ ಜೊತೆಯ ರೆಫರಿಗಳು ‘ಮಿಲಿಮೀಟರ್’ ಎಂದು ಹೆಸರಿಟ್ಟಿದ್ದರು. ಅದನ್ನು ಬಿರುದೆಂದೇ ತಿಳಿದು ಮೆರೆಯುತ್ತಿದ್ದೆ.

ಹೋದ ವರ್ಷ ಬೈಕುಲ್ಲಾದ ಮೈದಾನದಲ್ಲಿ ಹುಡುಗಿಯರ ಫೈನಲ್. ಒಂದು ಕಡೆ ಬಾಂದ್ರಾದ ಕ್ಲಬ್ಬು, ಇನ್ನೊಂದು ಕಡೆ ಮೊದಲ ಸಲ ಫೈನಲ್ ಮುಟ್ಟಿದ್ದ, ಕಿವಿ ಕೇಳದ ಹುಡುಗಿಯರ ತಂಡ. ಅವರ ಕ್ಯಾಪ್ಟನ್ ಸುನಂದಾ ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗಳು. ತಾಯಿ ಶಾಂತಕ್ಕ ಗೆರೆಯ ಆಚೆ ನಿಂತಿದ್ದರು. ಸೀಟಿಯ ಜೊತೆಗೆ ಹೇಗೂ ಕೈ ಎತ್ತುತ್ತೇನಲ್ಲ, ಅಷ್ಟು ಸಾಕು ಎಂದುಕೊಂಡಿದ್ದೆ.

ಸಾಲಲಿಲ್ಲ. ನಾನು ಸೀಟಿ ಊದಿದಾಗ ಸುನಂದಾಳ ಬೆನ್ನು ನನ್ನ ಕಡೆಗಿತ್ತು. ಅವಳು ಓಡಿ ಹೋಗಿ ಚೆಂಡು ಹಾಕಿಯೇ ಬಂದಳು. ಸೀಟಿಯಾದ ಮೇಲೂ ಆಡುವುದು ತಪ್ಪು; ಎಚ್ಚರಿಕೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಆಯಿತು. ಕ್ಲಬ್ಬಿನ ಕೋಚ್ ಒಳಗೇ ನುಗ್ಗಿದರು: “ಸರ್, ಸೀಟಿ ಬಜ್ ಗಯೀ ಥೀ! ಟೆಕ್ನಿಕಲ್ ಫೌಲ್ ದೋ!”

ಸೀಟಿ ಆದಮೇಲೆ ಆಡಿದ್ದಾಳೆ, ದಂಡ ಹಾಕಿ ಎಂಬುದು ಅವರ ಹಠ. ನಾನೂ ನಿಯಮದ ಪ್ರಕಾರ ದಂಡ ಹಾಕಲು ಕೈ ಎತ್ತಿದ್ದೆ. ಅಷ್ಟರಲ್ಲಿ ಶಾಂತಕ್ಕನ ದನಿ ಬಂತು: “ಕೇಳಿ ಓಡ್ಯಾಳೇನ್ರೀ ಸರ್? ಅಕಿಗೆ ಕೇಳಂಗೇ ಇಲ್ಲ! ಕಾಣೂ ಹಂಗ ಏನಾರ ಮಾಡ್ರೀ!”

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಸೀಟಿ ಇರುವುದು ಆಟ ನಿಲ್ಲಿಸಲಿಕ್ಕೆ, ಕೇಳಿಸದವಳನ್ನು ಹಿಡಿಯಲಿಕ್ಕಲ್ಲ. ಇಷ್ಟು ಸಣ್ಣ ವಿಷಯ ಹೊಳೆಯದಷ್ಟು ಓದಿಕೊಂಡಿದ್ದೆ ನಾನು! ಇಬ್ಬರೂ ಕ್ಯಾಪ್ಟನ್‌ಗಳನ್ನು ಕರೆದು, ಸೀಟಿ ಕೇಳಿದವರೆಲ್ಲ ತಕ್ಷಣ ನಿಂತು ಕೈ ಎತ್ತಬೇಕು, ಕೈ ಕಂಡವರು ನಿಲ್ಲಬೇಕು ಎಂದು ಸನ್ನೆಮಾಡಿ ತೋರಿಸಿದೆ.

“ಯೇ ಕೌನ್‌ಸೇ ರೂಲ್ ಮೇ ಲಿಖಾ ಹೈ?” ಎಂದರು ಕೋಚ್.

“ಯಾವ ನಿಯಮದಲ್ಲೂ ಬರೆದಿಲ್ಲ” ಎಂದೆ. ಬದುಕಿನಲ್ಲಿ ಮೊದಲ ಸಲ ಹಾಗೆ ಹೇಳಿದ್ದು, ಹಿತವಾಗಿತ್ತು. ಕೋಚ್ ಇನ್ನೂ ಬಾಯಿ ತೆರೆಯುವ ಮೊದಲೇ ಅವರದೇ ಕ್ಯಾಪ್ಟನ್ ಹುಡುಗಿ, “ಚಲೇಗಾ ಸರ್!” ಎಂದು ಒಪ್ಪಿ, ಕೈ ಎತ್ತಿ ತೋರಿಸಿದಳು.

ಆಮೇಲೆ ನಡೆದದ್ದು ನಿಜವಾದ ಆಟ. ಕೊನೆಯ ನಿಮಿಷದಲ್ಲಿ ಸ್ಕೋರು ಸಮ. ಸುನಂದಾ ನುಗ್ಗಿ ಚೆಂಡು ಹಾಕಿದಳು, ಜನ ಕುಣಿದರು. ಆದರೆ ಚೆಂಡು ಪುಟಿಸದೆ ಅವಳು ಒಂದು ಹೆಜ್ಜೆ ಹೆಚ್ಚು ಇಟ್ಟದ್ದನ್ನು ನಾನು ಕಂಡಿದ್ದೆ. ಸೀಟಿ ಊದಿದೆ. ಅಂಕ ರದ್ದು.

“ಎಲ್ಲಾ ಮಾಡಿ ಈಗ ಹಿಂಗ ಮಾಡಿದ್ರಲ್ರೀ!” ಶಾಂತಕ್ಕ ತಲೆಯ ಮೇಲೆ ಕೈ ಇಟ್ಟರು.

ಸುನಂದಾ ನನ್ನನ್ನೊಮ್ಮೆ ನೋಡಿ ತನ್ನ ಜಾಗಕ್ಕೆ ಓಡಿದಳು. ಕ್ಲಬ್ಬಿನವರು ಚೆಂಡು ಒಳಗೆಸೆದರು. ಸುನಂದಾ ಎಲ್ಲಿದ್ದಳೋ, ಗಾಳಿಯಲ್ಲೇ ಅದನ್ನು ಕಸಿದು, ಎರಡೇ ನೆಗೆತಕ್ಕೆ ಬುಟ್ಟಿಗೆ ಹಾಕಿದಳು. ಸಮಯ ಮುಗಿಯಿತು. ಗೆದ್ದರು! ತಂಡದವರು ಅವಳನ್ನು ಎತ್ತಿಕೊಂಡು ಮೈದಾನವಿಡೀ ಓಡಿದರು; ಸೋತ ಹುಡುಗಿಯರೂ ಹಿಂದೆ ಓಡಿದರು.

ಕಪ್ಪು ಹಿಡಿದುಕೊಂಡೇ ಸುನಂದಾ ನನ್ನ ಮುಂದೆ ಬಂದು ಬೆರಳಾಡಿಸಿ ಏನೋ ಹೇಳಿದಳು. ಅರ್ಥವಾಗದೆ ನಾನು ಅವಳ ತಾಯಿಯ ಮುಖ ನೋಡಿದೆ.

“ಹೆಜ್ಜಿ ತಪ್ಪಿದ್ದು ಖರೇ ಐತಂತ. ನೀವು ಬಿಟ್ಟುಕೊಟ್ಟಿದ್ರ ಈ ಕಪ್ಪ ಮನಿಗೆ ಒಯ್ತಿದ್ದಿಲ್ಲಂತ” ಎಂದರು ಶಾಂತಕ್ಕ. ಆಮೇಲೆ, ಮಗಳಿಗೆ ತುಟಿ ಕಾಣದಂತೆ ಸೆರಗು ಅಡ್ಡ ಹಿಡಿದು, “ನಾ ಆಗಿದ್ರ ಒಯ್ತಿದ್ನಿ ನೋಡ್ರಿ!” ಎಂದು ನಕ್ಕರು.